ಹಾಲಲ್ಲಿ ಮೂಡಿದ ಐದು ಚುಕ್ಕಿ

"ರಾಯರೇ, ಒಲೆ ಆರಿಸಿ. ಹಾಲು ಹಾಳಾಗ್ಲಿ, ಮೊದ್ಲು ಒಲೆ ಆರಿಸಿ."

ನೆಗಡಿರಾಯರು ಕೂತಿದ್ದ ಸ್ಟೂಲಿನಿಂದ ಎದ್ದು ಗ್ಯಾಸಿನ ಗುಂಡಿ ತಿರುಗಿಸಿದರು. ಉಕ್ಕಲು ಬಂದಿದ್ದ ಹಾಲು ಮುನಿಸಿಕೊಂಡಂತೆ ಕೆಳಗಿಳಿಯಿತು. ಅಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಜಾಲರಿ ಸೌಟು, ಸೌಟಿನಲ್ಲಿ ಆಗಷ್ಟೇ ಹಾಲಿನಿಂದ ಎತ್ತಿದ ಒಂದು ವೆನಿಲ್ಲಾ ಕೋಡು.

"ಏನಾಯ್ತು? ಹುಳ ಬಿದ್ದಿದೆಯಾ?"

"ಹುಳ ಅಲ್ಲ. ನನ್ನ ತಮ್ಮ."

ಪೊಲೀಸು ನೌಕರಿಯಲ್ಲಿ ಕೂದಲು ಉದುರಿಸಿಕೊಂಡ ರಾಯರು ಬಗೆಬಗೆಯ ಉತ್ತರ ಕೇಳಿದ್ದರು. ಹಾಲಿನ ಪಾತ್ರೆಯಿಂದ ತಮ್ಮ ಎದ್ದು ಬಂದ ಎನ್ನುವ ಉತ್ತರ ಇದೇ ಮೊದಲು. ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು.

ಎರಡು ಬೆಳೆ ಹಿಂದೆ, ತನ್ನ ತೋಟದಲ್ಲಿ ವೆನಿಲ್ಲಾ ಕಾಯಿ ಒಣಗಿಸುವ ಒಣಮನೆಗೆ ಬೆಂಕಿ ಬಿದ್ದ ದಿನದಿಂದ ಅಕ್ಕನ ತಮ್ಮ ಕಾಣೆ. ಬೂದಿಯಲ್ಲಿ ಹೆಣ ಸಿಕ್ಕಿರಲಿಲ್ಲ, ಊರಲ್ಲಿ ಆಳೂ ಸಿಕ್ಕಿರಲಿಲ್ಲ. "ಇದ್ದಾನೋ ಇಲ್ವೋ, ಅದೊಂದು ಹೇಳಿ ಸಾಕು. ಅತ್ತು ಮುಗಿಸೋದಾ, ಕಾಯೋದಾ, ಅದೇ ಗೊತ್ತಾಗ್ತಿಲ್ಲ" ಎಂದು ಅಕ್ಕ ರಾಯರ ಬಾಗಿಲು ತಟ್ಟಿದ್ದಳು.

ಅವಳು ಬೀದಿಗೆಲ್ಲ ಅಕ್ಕ. ಅವಳ ಕಸ್ಟರ್ಡ್ ಅಂಗಡಿಗೆ ಬೋರ್ಡೇ ಬೇಡ, ಮೂಗಿದ್ದವರು ತಾವಾಗಿ ಬಂದು ಸೇರುತ್ತಾರೆ. ರಾಯರಿಗೆ ಆ ಭಾಗ್ಯವಿಲ್ಲ. ನಿವೃತ್ತಿಯಾದ ವರ್ಷ ಬಂದ ಒಂದು ಕೆಟ್ಟ ನೆಗಡಿ ಹೋಗುವಾಗ ಅವರ ವಾಸನೆಯ ಶಕ್ತಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿತ್ತು. ಹೆಸರೂ ಆಗಲೇ ಅಂಟಿತು. ಮೂಗು ಸತ್ತವನಿಗೆ ವೆನಿಲ್ಲಾ ಕೇಸು ಸಿಕ್ಕಿದ್ದು ಯಾರ ಕುಚೇಷ್ಟೆಯೋ ಎಂದು ಅವರೇ ಆಗಾಗ ನಗುತ್ತಿದ್ದರು.

"ಇಲ್ನೋಡಿ," ಅಕ್ಕ ಕೋಡನ್ನು ತಟ್ಟೆಯ ಮೇಲೆ ಮಲಗಿಸಿದಳು. "ತೊಟ್ಟಿನ ಹತ್ರ."

ಒಣಗಿದ್ದಾಗ ಆ ಕೋಡು ಬರೀ ಸುಕ್ಕು. ಈಗ ಬಿಸಿ ಹಾಲು ಕುಡಿದು ಮೈತುಂಬಿಕೊಂಡಿತ್ತು, ಚರ್ಮ ಬಿಗಿದು ನುಣ್ಣಗಾಗಿತ್ತು. ಆ ನುಣುಪಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುರುತು. ನಾಲ್ಕು ಚುಕ್ಕಿ ಒಂದೇ ಸಾಲಿನಲ್ಲಿ, ಐದನೆಯದು ಮಾತ್ರ ಸಾಲು ತಪ್ಪಿ ಪಕ್ಕಕ್ಕೆ.

"ಕಾಯಿ ಹಸಿಯಾಗಿ ಬಳ್ಳೀಲಿ ಇರೋವಾಗ್ಲೇ ಬೆಳೆಗಾರರು ಹೀಗೆ ಚುಚ್ಚಿ ಗುರುತು ಹಾಕ್ತಾರೆ," ಅಕ್ಕ ಬೆರಳ ತುದಿಯಿಂದ ಚುಕ್ಕಿ ಸವರಿದಳು. "ಕಳ್ಳರ ಕಾಟಕ್ಕೆ. ಒಬ್ಬೊಬ್ಬರದು ಒಂದೊಂದು ಗುರುತು. ನನ್ನ ತಮ್ಮ ಬಾಟಲಿ ಬಾಯಿಗೆ ಹಾಕೋ ಬೆಂಡಿಗೆ ಐದು ಸೂಜಿ ಸಿಗಿಸಿ ಇಟ್ಕೊಂಡಿದ್ದ. ಒಂದು ಸೂಜಿ ಸೊಟ್ಟ. ಸರಿ ಮಾಡ್ಸೋ ಅಂದ್ರೆ ಕೇಳ್ಲಿಲ್ಲ. ಅವನ ಗುರುತೂ ಅವನ ಥರಾನೇ, ಸಾಲಲ್ಲಿ ನಿಲ್ಲಲ್ಲ ಅಂತ ನಮ್ಮಮ್ಮ ಬೈತಿದ್ರು."

"ಒಣಗಿದ ಮೇಲೂ ಕಾಣುತ್ತಾ?"

"ಅವನ ಸೂಜಿ ಸಣ್ಣದು. ಒಣಗಿದ್ಮೇಲೆ ಸುಕ್ಕಲ್ಲಿ ಮುಚ್ಚಿ ಹೋಗತ್ತೆ. ಬೇರೆಯವರೆಲ್ಲ ಒಣ ಕೋಡನ್ನೇ ಸೀಳಿ ಬೀಜ ಕೆರ್ಕೋತಾರೆ, ಅವರಿಗೆ ಕಾಣೋದೇ ಇಲ್ಲ. ನಾನು ಮಾತ್ರ ಇಡೀದಾಗಿ ಹಾಲಲ್ಲಿ ಬೇಯಿಸಿ, ಆಮೇಲೆ ಸೀಳೋದು. ನಮ್ಮಮ್ಮ ಕಲಿಸಿದ ರೀತಿ."

ರಾಯರು ತುಟಿ ಕಚ್ಚಿಕೊಂಡು ಯೋಚಿಸಿದರು. "ಒಂದೇ ಕೋಡಲ್ಲಿ ಇದ್ರೆ ಸಾಲದು, ಅಕ್ಕ. ಈ ಕೋಡು ಬಂದ ಕಟ್ಟಿಂದಲೇ ಮುಂಚೆ ಉಪಯೋಗಿಸಿದ್ದನ್ನ ಏನು ಮಾಡ್ತೀರಿ?"

ಅಕ್ಕ ಕಪಾಟಿನಿಂದ ಸಕ್ಕರೆಯ ಗಾಜಿನ ಜಾಡಿ ಎತ್ತಿ ತಂದಳು. ಒಮ್ಮೆ ಬಳಸಿದ ಕೋಡನ್ನು ಅವಳು ಎಸೆಯುವವಳಲ್ಲ. ತೊಳೆದು, ಆರಿಸಿ, ಸಕ್ಕರೆಯೊಳಗೆ ಹೂತಿಡುತ್ತಾಳೆ. ಸಕ್ಕರೆಯೇ ಘಮಘಮ ಎನ್ನುತ್ತದಂತೆ. ರಾಯರು ಅದನ್ನು ನಂಬಿಕೆಯ ಮೇಲೆ ಒಪ್ಪಿಕೊಂಡಿದ್ದರು.

ಮೇಲಿನ ಸಕ್ಕರೆಯಲ್ಲಿ ಸಿಕ್ಕ ಕೋಡುಗಳನ್ನು ಬಿಸಿ ಹಾಲಿಗೆ ಬಿಟ್ಟರು. ಅಕ್ಕ ಅಂಗೈ ಬಾಯಿಗೆ ಅಡ್ಡ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಉಬ್ಬಿದವು. ಒಂದೊಂದರ ಮೇಲೂ ಅದೇ ನಾಲ್ಕು ಚುಕ್ಕಿ, ಅದೇ ಸೊಟ್ಟ ಐದನೆಯದು.

"ಇಷ್ಟು ದಿನ ನಾನು ನೋಡ್ಲೇ ಇಲ್ವಲ್ಲ ರಾಯರೇ. ಕೈಯಾರೆ ತೊಳೆದು ಇಟ್ಟಿದೀನಿ."

"ನೋಡಬೇಕು ಅಂತ ನೋಡಿರಲಿಲ್ಲ, ಅಷ್ಟೇ. ಆ ಬೆಂಡು ಈಗ ಎಲ್ಲಿದೆ?"

"ಅದು ಯಾವತ್ತೂ ಅವನ ಜೇಬಲ್ಲೇ ಇರೋದು. ಬೆಂಕೀಲಿ ಅವನ ಜೊತೇನೇ ಹೋಯ್ತು ಅಂತ ಅವನ ಹೆಂಡ್ತಿ ಪೊಲೀಸರ ಮುಂದೆಯೂ ಹೇಳಿದ್ಳು." ಅಕ್ಕ ಮೂಗೊರೆಸಿಕೊಂಡಳು. "ಪಾಪ, ಅವಳೂ ಕುಗ್ಗಿ ಹೋಗಿದಾಳೆ. ಈಗೀಗ ನನ್ನ ಕಂಡ್ರೆ ಎದುರು ಬೀದಿಯಿಂದಲೇ ಮಾತಾಡಿಸಿ ಹೋಗ್ತಾಳೆ. ಅಂಗಡಿ ಮೆಟ್ಟಿಲು ಹತ್ತಿ ಯಾವ ಕಾಲ ಆಯ್ತೋ."

ರಾಯರ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಬೆಂಡು ಜೇಬಲ್ಲಿ. ಬೆಂಕಿ ಬಿದ್ದ ಮೇಲೆ ಬೆಳೆದ ಕಾಯಿಗೆ ಆ ಬೆಂಡಿನ ಗುರುತು ಬಿದ್ದಿದ್ದರೆ ಜೇಬೂ ಉಳಿದಿದೆ, ಜೇಬಿನ ಒಡೆಯನೂ ಉಳಿದಿದ್ದಾನೆ. ಆದರೆ ಕಾಯಿ ಬೆಂಕಿಗಿಂತ ಹಿಂದಿನದಾಗಿದ್ದರೆ ಕಥೆ ಬೇರೆ. ಯಾರೋ ಕಾಯಿ ಕದ್ದು, ಕದ್ದದ್ದು ಮುಚ್ಚಲು ಬೆಂಕಿ ಇಟ್ಟು, ಈಗ ನಿಧಾನವಾಗಿ ಮಾರುತ್ತಿದ್ದಾರೆ ಎಂದಾಗುತ್ತದೆ. ಆಗ ಅಕ್ಕ ಅತ್ತು ಮುಗಿಸಬೇಕಾದೀತು. ಈ ಎರಡನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ದಡ್ಡಿಯಲ್ಲ, ಅವಳಿಗೂ ಹೊಳೆದಿತ್ತು.

"ಈ ಕಟ್ಟು ಕೊಟ್ಟಿದ್ದು ಯಾರು?"

"ಸುರುಳಿ."

"ಸೆರಗು ಸಿಗಿಸ್ಕೊಳ್ಳಿ, ಹೋಗೋಣ. ನನಗೆ ಕಣ್ಣಿದೆ, ಮೂಗಿಲ್ಲ. ಇವತ್ತೊಂದಿನ ನಿಮ್ಮ ಮೂಗು ಸಾಲ ಕೊಡಿ."

ದಲ್ಲಾಳಿಗೆ ಸುರುಳಿ ಎಂಬ ಹೆಸರು ಬಂದದ್ದು ಅವನ ಕೈಚಳಕದಿಂದ. ವೆನಿಲ್ಲಾ ಕೋಡನ್ನು ತೋರುಬೆರಳಿಗೆ ಉಂಗುರದಂತೆ ಸುತ್ತಿ ಬಿಡುತ್ತಾನೆ. ಮುರಿದರೆ ಕಳಪೆ, ಮುರಿಯದೆ ಬಿಚ್ಚಿಕೊಂಡರೆ ಮಾಲು ಒಳ್ಳೆಯದು. ಮಾತೂ ಹಾಗೇ, ಎಷ್ಟು ಸುತ್ತಿದರೂ ಮುರಿಯುವುದಿಲ್ಲ.

ಅವನ ಗೋದಾಮು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ತಗಡಿನ ಡಬ್ಬಗಳು ಸೂರಿನವರೆಗೂ, ನಡುವೆ ಒಂದು ತಕ್ಕಡಿ, ತಕ್ಕಡಿಯ ಪಕ್ಕ ಸುರುಳಿ. ಅಕ್ಕನನ್ನು ಕಂಡೊಡನೆ ಮುಖ ಅರಳಿಸಿದ. ಹಿಂದೆ ರಾಯರನ್ನು ಕಂಡು ಅರಳಿದ್ದನ್ನು ಅರ್ಧಕ್ಕೇ ನಿಲ್ಲಿಸಿದ.

"ಬನ್ನಿ ಬನ್ನಿ. ಏನಕ್ಕ, ಹೋದ ಸಲದ ಕಟ್ಟು ಹೇಗಿತ್ತು?"

"ಅದನ್ನೇ ಕೇಳೋಕೆ ಬಂದ್ವಿ," ರಾಯರು ಮೂಟೆಯೊಂದರ ಮೇಲೆ ಕೂತರು. "ಎಲ್ಲಿಯ ಮಾಲು?"

"ನನ್ನದೇ."

"ನಿನಗೆ ತೋಟ ಎಲ್ಲಿದೆಯಪ್ಪ?"

"ತೋಟ ಇಲ್ಲ ಸಾರ್, ದಾಸ್ತಾನಿದೆ. ಹಳೇ ದಾಸ್ತಾನು. ನಾಲ್ಕು ಕಡೆಯಿಂದ ತಗೊಂಡಿದ್ದು ಕೂಡಿ ಹಾಕಿರ್ತೀನಿ. ಯಾವುದು ಯಾರದು ಅಂತ ಹೇಗೆ ಹೇಳಲಿ?"

ಹಳೇ ದಾಸ್ತಾನು ಎಂಬ ಮಾತು ಬಿದ್ದೊಡನೆ ಅಕ್ಕನ ಮುಖದ ಬಣ್ಣ ಇಳಿಯಿತು. ರಾಯರು ಅವಳ ಕಡೆ ನೋಡಲಿಲ್ಲ. ನೋಡಿದರೆ ಮಾತು ಮುಂದುವರಿಸುವುದು ಕಷ್ಟ.

"ಎಷ್ಟು ಹಳೇದು?"

"ಎರಡು ವರ್ಷ, ಮೂರು ವರ್ಷ. ನೆನಪಿಟ್ಕೊಂಡು ಕೂತ್ಕೊಳ್ಳೋಕೆ ಆಗತ್ತಾ?"

"ಆಗಲ್ಲ ಆಗಲ್ಲ. ಎಲ್ಲಿ, ಆ ಹಳೇ ದಾಸ್ತಾನಿಂದು ಒಂದು ಡಬ್ಬ ತೆಗಿ. ನಾನು ಬರೀ ಎಸೆನ್ಸ್ ಬಾಟಲಿ ನೋಡಿದವನು, ಇದನ್ನ ಕಣ್ತುಂಬ ನೋಡೋಣ."

ಸುರುಳಿಗೆ ಇದು ಹಿಡಿಸಿತು. ಮಾಲು ಹೊಗಳುವ ಅವಕಾಶ ಬಿಡುವವನಲ್ಲ. ಮೂಲೆಯಿಂದ ಒಂದು ಡಬ್ಬ ತಂದು, ಮುಚ್ಚಳ ಬಿಚ್ಚಿ, ಮೇಣದ ಕಾಗದ ಸರಿಸಿದ. ಒಳಗೆ ಕಪ್ಪು ಕೋಡುಗಳು ಒತ್ತೊತ್ತಾಗಿ ಮಲಗಿದ್ದವು. ಮೈಮೇಲೆಲ್ಲ ಬೆಳ್ಳಗೆ ಏನೋ ಉದುರಿಸಿದಂತಿತ್ತು.

ರಾಯರು ಮುಖ ಕಿವಿಚಿದರು. "ಥೂ. ಬೂಸ್ಟು ಹಿಡಿದಿದೆಯಲ್ಲೋ. ಇದನ್ನ ತಿನ್ನೋ ಪದಾರ್ಥಕ್ಕೆ ಹಾಕ್ತಾರಾ?"

"ಬೂಸ್ಟಾ?" ಸುರುಳಿ ಡಬ್ಬವನ್ನು ಎದೆಗೆ ಅವುಚಿಕೊಂಡ. ಅವನ ಹೆತ್ತ ಮಗುವನ್ನು ಕುರೂಪಿ ಎಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. "ಏನ್ ಸಾರ್ ನೀವು, ಓದಿದವರು. ಇದು ಹರಳು. ಒಳ್ಳೇ ಜಾತಿ ಕಾಯಿ ಗಾಳಿಯಾಡದ ಹಾಗೆ ಮುಚ್ಚಿಟ್ಟು ವರ್ಷ ಒಂದೆರಡು ಕಳೆದ್ರೆ, ಒಳಗಿನ ಸತ್ವವೇ ಮೇಲೆ ಬಂದು ಹೀಗೆ ಸೂಜಿ ಸೂಜಿಯಾಗಿ ಕೂರತ್ತೆ. ಬೆಳಕಿಗೆ ಹಿಡೀರಿ, ಹೊಳೀತದೆ. ಬೂಸ್ಟು ಹೊಳೆಯತ್ತಾ?"

ರಾಯರು ಬೆಳಕಿಗೆ ಹಿಡಿದರು. ನಿಜ, ಹೊಳೆಯುತ್ತಿತ್ತು.

"ಅಂದ್ರೆ ಹಳೇ ದಾಸ್ತಾನಿಗೆಲ್ಲ ಹೀಗೇ ಬರುತ್ತೆ ಅನ್ನು."

"ನನ್ನ ಡಬ್ಬದಲ್ಲಿಟ್ಟಿದ್ದಕ್ಕೆಲ್ಲ ಬಂದೇ ಬರತ್ತೆ. ಬರದಿದ್ರೆ ಕಿವಿ ಹಿಡ್ಕೊಂಡು ಬಸ್ಕಿ ಹೊಡೀತೀನಿ."

"ಹಾಗಿದ್ರೆ ಬಸ್ಕಿ ಹೊಡಿ."

ರಾಯರು ಅಕ್ಕನ ಚೀಲದಿಂದ ಉಳಿದಿದ್ದ ಕಟ್ಟನ್ನು ತೆಗೆದು ತಕ್ಕಡಿಯ ಮೇಲೆ ಇಟ್ಟರು. ಎಣ್ಣೆ ಹಚ್ಚಿದ ಜಡೆಯಂತೆ ಮಿರಿಮಿರಿ ಮಿಂಚುತ್ತಿದ್ದ ಕೋಡುಗಳು. ಒಂದು ಹರಳೂ ಇರಲಿಲ್ಲ. ಸುರುಳಿ ಡಬ್ಬ ನೋಡಿದ, ಕಟ್ಟು ನೋಡಿದ. ಆಡಿದ ಮಾತು ನುಂಗುವಂತಿಲ್ಲ.

"ಅಕ್ಕ, ಸ್ವಲ್ಪ ನಿಮ್ಮ ಮೂಗು."

ಅಕ್ಕ ಮೊದಲು ಡಬ್ಬದ ಕೋಡು ಮೂಸಿದಳು, ಆಮೇಲೆ ಕಟ್ಟಿನದು. ಇನ್ನೊಮ್ಮೆ ಮೂಸಿದಳು. ದಿನಾ ಮೂಸುವ ವಸ್ತುವೇ, ಆದರೂ ಇವತ್ತು ತುಟಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಇದು ಹಳೇದು, ಒಳಗಿಳಿದ ವಾಸನೆ. ಇದು ಹೋದ ಬೆಳೇದು. ಇನ್ನೂ ಹಸಿ ಹುಲ್ಲಿನ ವಾಸನೆ ಪೂರ್ತಿ ಬಿಟ್ಟಿಲ್ಲ." ಅವಳು ಸುರುಳಿಯತ್ತ ತಿರುಗಿದಳು. "ಯಾಕೋ ಸುಳ್ಳು ಹೇಳಿದೆ? ಅಂಗಡಿ ಶುರುವಾದಾಗಿಂದ ನಿನ್ನ ಹತ್ರಾನೇ ತಗೋತಿದೀನಿ."

"ಅಕ್ಕ, ಅದು ಹಾಗಲ್ಲ..."

"ನಿನ್ನ ಸುಳ್ಳಿನಿಂದ ನನ್ನ ತಮ್ಮ ಅರ್ಧ ಗಂಟೆ ಸತ್ತು ಹೋಗಿದ್ದ, ಗೊತ್ತಾ ನಿನಗೆ?"

ಸುರುಳಿಗೆ ತಲೆಬುಡ ತಿಳಿಯಲಿಲ್ಲ. ರಾಯರು ತಟ್ಟೆಯ ಕೋಡನ್ನು ಕರವಸ್ತ್ರದಿಂದ ಬಿಚ್ಚಿ ಚುಕ್ಕಿ ತೋರಿಸಿ, ಅದು ಯಾರ ಗುರುತೆಂದು ಹೇಳಿದರು. ದಲ್ಲಾಳಿ ಡಬ್ಬ ಕೆಳಗಿಟ್ಟ. ಮೂಟೆಗೆ ಒರಗಿ ನಿಂತ.

"ನನಗೆ ಗುರುತಿನ ವಿಷಯ ಗೊತ್ತಿಲ್ಲ ಸಾರ್, ನನ್ನ ಮಕ್ಕಳಾಣೆ. ಹೊಸ ಜಾಗ ಸಿಕ್ಕಿದ್ದು ಬೇರೆ ದಲ್ಲಾಳಿಗಳಿಗೆ ತಿಳಿದ್ರೆ ನಾಳೆಯೇ ಹೋಗಿ ಮುತ್ಕೋತಾರೆ ಅಂತ ಹಳೇದು ಅಂದೆ. ಇಷ್ಟೇ ನನ್ನ ತಪ್ಪು."

"ಯಾವ ಜಾಗ?"

"ಸೇತುವೆ ದಾಟಿ ಎಡಕ್ಕೆ ಹೋದ್ರೆ ಹಳೇ ಇಟ್ಟಿಗೆ ಗೂಡು ಇದೆಯಲ್ಲ, ನಿಂತು ಹೋಗಿರೋದು. ಅದರ ಹಿಂದೆ. ಪಾಳು ಬಿದ್ದ ತೋಟ ಅನ್ಕೊಂಡಿದ್ದೆ. ಒಳಗೆ ಹೋದ್ರೆ ಬಳ್ಳಿ ತುಂಬಾ ಕಾಯಿ. ಒಬ್ಬ ಆಳು ನೋಡ್ಕೋತಾನೆ. ಗಡ್ಡ ಬಿಟ್ಟಿದಾನೆ. ಬಲಗೈ ಮೇಲೆ ಸುಟ್ಟ ಕಲೆ, ಆ ಕೈ ಸರಿಯಾಗಿ ಮಡಚೋಕೂ ಆಗಲ್ಲ."

ಅಕ್ಕ ರಾಯರ ತೋಳು ಹಿಡಿದುಕೊಂಡಳು. "ಮತ್ತೆ ಹೂವು ಹೇಗೆ ಮುಟ್ಟಿಸ್ತಾನೆ?"

ವೆನಿಲ್ಲಾ ಹೂವು ಒಂದು ಬೆಳಿಗ್ಗೆ ಅರಳಿ ಅದೇ ದಿನ ಬಾಡುವಂಥದ್ದು. ಅಷ್ಟರಲ್ಲಿ ಯಾರಾದರೂ ಕಡ್ಡಿಯಲ್ಲಿ ಪರಾಗ ಎತ್ತಿ ಮುಟ್ಟಿಸಬೇಕು, ಇಲ್ಲದಿದ್ದರೆ ಕಾಯಿ ಕಟ್ಟದು. ತೋಟದವರಿಗೆಲ್ಲ ಅದು ಬೆರಳ ತುದಿಯ ಕೆಲಸ.

"ಎಡಗೈಯಲ್ಲಿ. ಅವನು ಎಡಚನೇ ಇರಬೇಕು, ಸಲೀಸಾಗಿ ಮಾಡ್ತಾನೆ. ಒಂಥರಾ ಮನುಷ್ಯ ಅಕ್ಕ. ನಮ್ಮ ಹತ್ರ ಒಂದು ಮಾತಿಲ್ಲ, ಎಲ್ಲ ಕೈಸನ್ನೆ. ಹೂವಿನ ಹತ್ರ ಮಾತ್ರ ಮಾತಾಡ್ತಾನೆ. ಒಂದೊಂದು ಹೂವು ಮುಟ್ಟಿಸಿದ ಮೇಲೂ, 'ಆಯ್ತು ರಾಣಿ, ಮಲಗು' ಅಂತಾನೆ. ನನಗೆ ನಗು ಬಂದಿತ್ತು."

ಸುರುಳಿಗೆ ಬಂದ ನಗು ಅಲ್ಲಿ ಯಾರಿಗೂ ಬರಲಿಲ್ಲ. ಅಕ್ಕ ಹಾಗೇ ಕುಸಿದು ನೆಲದ ಮೇಲೆ ಕೂತಳು.

"ನಮ್ಮಮ್ಮ," ಎಂದಳು. "ರಾತ್ರಿ ನನಗೆ ಜಡೆ ಹೆಣೆದು ಮುಗಿಸಿದ ಮೇಲೆ ನಮ್ಮಮ್ಮ ಹಾಗೇ ಅನ್ನೋರು. ಆಯ್ತು ರಾಣಿ, ಮಲಗು. ಇವನು ಪಕ್ಕದಲ್ಲಿ ಕೂತು ಅಣಕಿಸ್ತಿದ್ದ. ಬೇರೆ ಯಾರಿಗೂ ಗೊತ್ತಿಲ್ಲ ರಾಯರೇ ಅದು. ಬೇರೆ ಯಾರಿಗೂ ಗೊತ್ತಿಲ್ಲ."

ಆಮೇಲೆ ಅತ್ತಳು. ಬಿಕ್ಕಿ ಬಿಕ್ಕಿ, ಮುಚ್ಚುಮರೆಯಿಲ್ಲದೆ, ಗೋದಾಮಿನ ಧೂಳಿನಲ್ಲಿ ಕಾಲು ಚಾಚಿಕೊಂಡು ಅತ್ತಳು. ಸುರುಳಿ ಗಾಬರಿಯಿಂದ ನೀರು ತಂದ. ರಾಯರು ಬೇಡ ಎಂದು ಸನ್ನೆ ಮಾಡಿದರು. ಅಷ್ಟು ಕಾಲ ಅತ್ತು ಮುಗಿಸುವುದಾ ಕಾಯುವುದಾ ಎಂದು ತಡೆದಿಟ್ಟಿದ್ದ ಅಳು ಅದು. ಹೋಗಲಿ, ಪೂರ್ತಿ ಹೋಗಲಿ ಎಂದುಕೊಂಡರು. ಅವರ ಹೊಟ್ಟೆಗೂ ಹಾಲು ಹೊಯ್ದಂತಾಗಿತ್ತು.

ಅಂಗಡಿಗೆ ಮರಳಿದ ಅಕ್ಕ ಬೇರೆಯೇ ಹೆಂಗಸಾಗಿದ್ದಳು. ಮುಖ ತೊಳೆದವಳೇ ಒಲೆ ಹಚ್ಚಿದಳು.

"ಈಗಲೇ ಹೊರಡೋಣ ಅನ್ನಿಸಲ್ವಾ?" ರಾಯರು ಕೇಳಿದರು.

"ಅನ್ಸತ್ತೆ. ಆದ್ರೆ ಬರಿಗೈಲಿ ಹೋಗಲ್ಲ. ನನ್ನ ಕಸ್ಟರ್ಡ್ ತಿಂದು ಎರಡು ವರ್ಷ ಆಯ್ತು ಅವನು. ಅವನೇ ಬೆಳೆದ ಕೋಡಲ್ಲಿ ಮಾಡ್ತೀನಿ."

ಹಾಲು ಮತ್ತೆ ಬಿಸಿಯಾಯಿತು. ಅಕ್ಕ ಆ ಚುಕ್ಕಿಯ ಕೋಡನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿನಿಂದ ಬೀಜ ಕೆರೆದಳು. ಸಾಸಿವೆಗಿಂತ ಎಷ್ಟೋ ಸಣ್ಣ ಕರಿಬೀಜ, ಮಸಿಯಂತೆ ಚಾಕುವಿಗೆ ಅಂಟಿಕೊಂಡಿತು. ಅದನ್ನು ಹಾಲಿಗೆ ಬಿಟ್ಟಳು. ಮೊಟ್ಟೆಯ ಹಳದಿಗೆ ಜಾಡಿಯ ಸಕ್ಕರೆ ಹಾಕಿ ಬೆಳ್ಳಗಾಗುವ ತನಕ ಕಡೆದು, ಬಿಸಿ ಹಾಲನ್ನು ಸೌಟು ಸೌಟಾಗಿ ಬೆರೆಸಿದಳು. ಅವಸರ ಮಾಡಿದರೆ ಮೊಟ್ಟೆ ಒಡೆದು ಗಂಟಾಗುತ್ತದೆ. ಇಷ್ಟು ಸಂತೋಷದ ದಿನವೂ ಅವಳ ಕೈ ಅವಸರ ಮಾಡಲಿಲ್ಲ. ಎಲ್ಲವನ್ನೂ ಸಣ್ಣ ಉರಿಯ ಮೇಲೆ ತಿರುವುತ್ತಾ, ಸೌಟಿನ ಬೆನ್ನಿಗೆ ಹತ್ತುವಷ್ಟು ಗಟ್ಟಿಯಾದಾಗ ಇಳಿಸಿ, ತಣ್ಣೀರಲ್ಲಿಟ್ಟು ತಂಪಾಗಿಸಿದಳು.

ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಅಕ್ಕನೇ ಮುಟ್ಟಿಸಿದ್ದು. ಬಂದ ಗಿರಾಕಿಗೆಲ್ಲ ಒಂದೊಂದು ಬಟ್ಟಲು ಪುಕ್ಕಟೆ, ಬಟ್ಟಲಿನ ಜೊತೆ "ನನ್ನ ತಮ್ಮ ಇದಾನಂತೆ" ಎಂಬ ಮಾತು.

ಭಾವ ಬಂದದ್ದು ಆಗ. ಭಾವ ಎಂದರೆ ಅಕ್ಕನ ಗಂಡ. ಅವಳು ಅಕ್ಕನಾದ ಮೇಲೆ ಅವನು ಬೀದಿಗೆಲ್ಲ ಭಾವ ಆಗಲೇಬೇಕಲ್ಲ. ಹಾಲಿನ ಡಬ್ಬ, ಮೊಟ್ಟೆಯ ಟ್ರೇ ತರುವುದು, ಗಲ್ಲಾ ನೋಡಿಕೊಳ್ಳುವುದು ಅವನ ಪಾಲು. ಒಳ್ಳೆಯವನು ಎಂದರೆ ಊರು ಮೊದಲು ತೋರಿಸುವ ಆಳು. ಸ್ಕೂಟರ್ ನಿಲ್ಲಿಸಿದವನೇ ಒಳಗೋಡಿ ಬಂದ.

"ನಿಜಾನಾ? ಏ, ನಿಜಾನೇನೇ?"

ಅಕ್ಕ ತಲೆಯಾಡಿಸಿದಳು. ಭಾವನ ಕಣ್ಣಲ್ಲೂ ನೀರು. ಹೆಂಡತಿಯ ಕೈ ಹಿಡಿದುಕೊಂಡ, ರಾಯರ ಕೈ ಹಿಡಿದುಕೊಂಡ, ಯಾವನೋ ಗಿರಾಕಿಯ ಕೈಯನ್ನೂ ಹಿಡಿದುಕೊಂಡ.

"ಗಟ್ಟಿ ಪಿಂಡ ಅವನು, ನಾನು ಹೇಳಿರ್ಲಿಲ್ವಾ? ಆ ಹೊಗೆ, ಆ ಉರಿ, ಹೊರಗಿಂದ ಚಿಲಕ ಬಿದ್ದ ಬಾಗಿಲು, ಅದರೊಳಗಿಂದ ಹೇಗೆ ಹೊರಬಿದ್ದ ಪುಣ್ಯಾತ್ಮ. ಎಲ್ಲಿದಾನೆ? ಕೈಕಾಲು ನೆಟ್ಟಗಿದೆಯಾ?"

ರಾಯರ ಬಾಯಲ್ಲಿ ಕಸ್ಟರ್ಡ್ ಇತ್ತು. ವಾಸನೆ ಇಲ್ಲದಿದ್ದರೇನು, ಸಿಹಿ ಗೊತ್ತಾಗುತ್ತಿತ್ತು, ತಂಪು ಗೊತ್ತಾಗುತ್ತಿತ್ತು. ಇಷ್ಟು ಹಗುರವಾಗಿ ಅವರು ಒಂದು ಕೇಸಿನ ಕೊನೆಯಲ್ಲಿ ಕೂತದ್ದೇ ಇಲ್ಲ. ಚಮಚ ನೆಕ್ಕುತ್ತಾ ಜಾಗ ಹೇಳಿದರು. ಸೇತುವೆ ದಾಟಿ ಎಡಕ್ಕೆ, ಇಟ್ಟಿಗೆ ಗೂಡಿನ ಹಿಂದೆ.

"ನಾನು ಮುಂದೆ ಹೋಗಿ ನೋಡ್ತೀನಿ," ಭಾವ ಆಗಲೇ ಸ್ಕೂಟರಿನ ಬೀಗದ ಕೈ ತೆಗೆದಿದ್ದ. "ಏಕಾಏಕಿ ಎಲ್ಲರೂ ಹೋದ್ರೆ ಹೆದರಿ ಎದ್ದು ಹೋದಾನು. ಸಮಾಧಾನ ಹೇಳಿ ಕರ್ಕೊಂಡೇ ಬರ್ತೀನಿ. ನೀನು ಅಂಗಡಿ ಮುಚ್ಚಿ ಅಡಿಗೆ ಮಾಡು."

"ಹೋಗಿ ಬನ್ನಿ," ಅಕ್ಕ ಅವನ ಅಂಗಿಯ ಕಾಲರು ಸರಿ ಮಾಡಿದಳು. "ಬೈಬೇಡಿ ಅವನಿಗೆ."

ಸ್ಕೂಟರು ಬೀದಿ ತಿರುಗಿತು. ಅಕ್ಕ ದೊಡ್ಡದೊಂದು ಡಬ್ಬಿಗೆ ಕಸ್ಟರ್ಡ್ ತುಂಬಿ ರಾಯರ ಕೈಗೆ ಕೊಟ್ಟಳು. "ಇದು ತಮ್ಮನ ಹೆಂಡ್ತಿಗೆ. ಸುದ್ದಿ ನಿಮ್ಮ ಬಾಯಿಂದಲೇ ತಿಳೀಲಿ. ನಾನು ಹೋದ್ರೆ ಇಬ್ಬರೂ ಅಳ್ತಾ ಕೂತ್ಬಿಡ್ತೀವಿ."

ತಮ್ಮನ ಹೆಂಡತಿ ಟೈಲರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಅರೆಹೊಲಿದ ಲಂಗಗಳು, ನೆಲದ ತುಂಬ ಕತ್ತರಿಸಿದ ಚೂರು. ರಾಯರು ಈ ಕೇಸಿಗಾಗಿ ಹಲವು ಸಲ ಇಲ್ಲಿ ಕೂತು ಕಾಫಿ ಕುಡಿದಿದ್ದರು. ಅವಳು ಯಾವಾಗಲೂ ತಲೆ ತಗ್ಗಿಸಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

"ಬನ್ನಿ ಸಾರ್. ಕೂತ್ಕೊಳ್ಳಿ, ಒಂದು ಬಟನ್ ಹೊಲೀತಿದ್ದೆ, ಕಾಫಿ ತರ್ತೀನಿ."

"ಕಾಫಿ ಬೇಡಮ್ಮ, ನಾನೇ ಸಿಹಿ ತಂದಿದೀನಿ," ಎಂದರೂ ಅವಳು ಒಳಗೆ ಹೋದಳು.

ರಾಯರು ಡಬ್ಬಿ ಇಡಲು ಮೇಜಿನ ಮೇಲೆ ಜಾಗ ಮಾಡಿದರು. ಕತ್ತರಿ ಸರಿಸಿದರು, ಅಳತೆ ಟೇಪು ಸರಿಸಿದರು. ಸೂಜಿ ಚುಚ್ಚಿಡುವ ತಟ್ಟೆಯನ್ನು ಸರಿಸುವಾಗ ಕೈ ನಿಂತಿತು. ಬಣ್ಣಬಣ್ಣದ ತಲೆಯ ಸೂಜಿಗಳ ನಡುವೆ ಒಂದು ಬಾಟಲಿ ಬೆಂಡು. ಬೆಂಡಿನಲ್ಲಿ ಐದು ಸೂಜಿ, ಮೊನೆ ಹೊರಗೆ. ಒಂದು ಸೂಜಿಗೆ ಸಡಿಲವಾಗದಂತೆ ಹೊಸದಾಗಿ ದಾರ ಸುತ್ತಿತ್ತು. ಉಳಿದವಕ್ಕೆ ಕಾಯಿಯ ಹಸಿರು ಅಂಟು ಒಣಗಿ ಹಿಡಿದಿತ್ತು.

ಅವರು ಅದನ್ನು ಎತ್ತಿ ಹೆಬ್ಬೆರಳಿಗೆ ಒತ್ತಿಕೊಂಡರು. ನಾಲ್ಕು ಚುಕ್ಕಿ ಸಾಲಾಗಿ. ಐದನೆಯದು ಪಕ್ಕಕ್ಕೆ.

ಜೇಬಲ್ಲೇ ಬೆಂದು ಹೋಯಿತೆಂದು ಹೇಳಿದ್ದ ಬೆಂಡು. ಎದುರು ಬೀದಿಯಿಂದಲೇ ಮಾತಾಡಿಸುವ ನಾದಿನಿ. ಅವಳು ದೂರ ನಿಲ್ಲುತ್ತಿದ್ದದ್ದು ಅಕ್ಕನ ಮೂಗಿಗೆ ಹೆದರಿ. ಈ ಕೋಣೆ, ಈ ಬಟ್ಟೆ, ಈ ಹೆಂಗಸಿನ ಸೆರಗು, ಎಲ್ಲ ವೆನಿಲ್ಲಾ ವಾಸನೆ ಹೊಡೆಯುತ್ತಿರಬೇಕು. ಮೂಗಿದ್ದವನು ಮೊದಲ ದಿನವೇ ಹಿಡಿಯುತ್ತಿದ್ದ. ತಾವು ಮಾತ್ರ ಹಾಯಾಗಿ ಕಾಫಿ ಕುಡಿದು ಹೋಗಿದ್ದರು.

ಲೋಟ ಹಿಡಿದು ಬಂದವಳು ಅವರ ಕೈಯಲ್ಲಿ ಬೆಂಡು ಕಂಡು ಬಾಗಿಲಲ್ಲೇ ನಿಂತಳು.

"ಸಿಟ್ಟಿಲ್ಲಮ್ಮ," ರಾಯರು ಮೆಲ್ಲಗೆ ಹೇಳಿದರು. "ಅವನು ಬದುಕಿದಾನಲ್ಲ, ಅಷ್ಟು ಸಾಕು. ನಿನಗೆ ಮೊದಲೇ ಗೊತ್ತಿತ್ತು. ಬೆಂಡು ರಿಪೇರಿಗೆ ನಿನ್ನ ಹತ್ರಾನೇ ಬಂತು, ಅಲ್ವಾ?"

"ಗುರುತು ಹಾಕಬೇಡಿ ಅಂತ ಕೈಮುಗಿದೆ ಸಾರ್." ಅವಳ ದನಿ ಕೇಳಿಸುವುದೇ ಕಷ್ಟವಾಗಿತ್ತು. "ಕಾಯಿ ಮುಟ್ಟಿದ ಮೇಲೆ ಚುಚ್ಚದೆ ಬಿಟ್ರೆ ನಿದ್ದೆ ಬರಲ್ಲ ಅಂದ್ರು. ಒಣಗಿದ್ರೆ ಯಾರಿಗೆ ಕಾಣತ್ತೆ ಅಂದ್ರು."

"ನಿಮ್ಮತ್ತಿಗೆ ಹಾಲಲ್ಲಿ ಕಂಡಿತು. ಯಾಕಮ್ಮ ಅವಳಿಂದ ಮುಚ್ಚಿಟ್ರಿ? ಎರಡು ವರ್ಷ ಹೇಗೆ ಕಳೆದಿದಾಳೆ ಗೊತ್ತಾ?"

"ಅತ್ತಿಗೆಗೇ ಹೇಳೋ ಹಾಗಿರ್ಲಿಲ್ಲ." ಲೋಟದ ಕಾಫಿ ಅವಳ ಕೈಮೇಲೆ ಚೆಲ್ಲಿತು, ಅವಳಿಗೆ ಅದು ಗೊತ್ತಾಗಲಿಲ್ಲ. "ಎಲ್ಲರೂ ಅಂದ್ಕೊಂಡ ಹಾಗೆ ಕೆಂಡದ ಒಲೆ ಉರುಳಿ ಬೆಂಕಿ ಹತ್ತಿದ್ದಲ್ಲ ಸಾರ್. ಅವರು ಒಳಗಿದ್ದಾಗ ಹೊರಗಿಂದ ಯಾರೋ ಚಿಲಕ ಹಾಕಿದ್ರು. ಚಿಲಕ ಹಾಕಿ, ಹೆಸರು ಹಿಡಿದು ಕರೆದು, ಒಳಗಿದಾರೆ ಅಂತ ಖಾತ್ರಿ ಮಾಡ್ಕೊಂಡ್ರು. ತಗಡು ಒದ್ದು ಮೇಲಿಂದ ಹಾರಿದ್ದಕ್ಕೆ ಉಳಿದ್ರು. ಚಿಲಕದ ವಿಷಯ ಪೊಲೀಸರಿಗೂ ಗೊತ್ತಿಲ್ಲ. ಗೊತ್ತಿರೋದು ನಮ್ಮಿಬ್ಬರಿಗೆ, ಹಾಕಿದವರಿಗೆ."

ಹೊರಗಿಂದ ಚಿಲಕ ಬಿದ್ದ ಬಾಗಿಲು.

ಆ ಮಾತು ರಾಯರು ಇವತ್ತು ಒಮ್ಮೆ ಕೇಳಿದ್ದರು. ಚಮಚ ನೆಕ್ಕುತ್ತಾ ಕೇಳಿದ್ದರು.

"ಕರೆದ ದನಿ ಯಾರದು ಅಂತ ಅವನಿಗೆ ಗೊತ್ತಾಯ್ತಾ?" ಎಂದು ಕೇಳಿದರು, ಉತ್ತರ ಗೊತ್ತಿದ್ದೂ.

"ಗೊತ್ತಾಗದೆ ಏನು. ಬೀದಿಗೆಲ್ಲ ಭಾವ ಅವರು. ತೋಟದ ಕಾಯಿ ಕದ್ದು ಮಾರ್ತಿದ್ದದ್ದು ನಮ್ಮವರ ಕಣ್ಣಿಗೆ ಬಿದ್ದಿತ್ತು. ನಾವು ಹೇಳಿದ್ರೆ ಯಾರು ನಂಬ್ತಾರೆ? ನಂಬಿದ್ರೆ ಅತ್ತಿಗೆ ಗತಿ ಏನು?" ಅವಳು ಮೇಜಿನ ಮೇಲಿದ್ದ ಡಬ್ಬಿ ನೋಡಿದಳು, ಆಮೇಲೆ ರಾಯರ ಮುಖ. "ಅವರು ಇರೋ ಜಾಗ ಇನ್ನೂ ಯಾರಿಗೂ ಹೇಳಿಲ್ಲ ತಾನೇ ಸಾರ್?"

ರಾಯರ ಹೆಬ್ಬೆರಳಿನ ಐದು ಚುಕ್ಕಿಯಲ್ಲಿ ರಕ್ತ ಸಣ್ಣಗೆ ಮೂಡುತ್ತಿತ್ತು. ಸ್ಕೂಟರು ಇಷ್ಟು ಹೊತ್ತಿಗೆ ಸೇತುವೆ ದಾಟಿ ಎಡಕ್ಕೆ ತಿರುಗಿರುತ್ತದೆ. ದಾರಿ ಹೇಳಿಕೊಟ್ಟದ್ದು ಅವರೇ.